ಗುಳಿಗಿ ತಗೊಂಡ್ಯೇನವಾ ಅಂತ ಕೇಳೋರು ಯಾರು?

ಗದಗ-ಬೆಟಗೇರಿಯ ನೇಕಾರರ ಓಣಿಗಳಲ್ಲಿ ಬಿಪಿ ನೋಡುತ್ತಾ ನನಗೆ ಒಂಬತ್ತು ವರ್ಷ ಆಯಿತು. ನಾನು ನರ್ಸ್. ಮೊದಲೆಲ್ಲ ನನ್ನ ಪ್ರಶ್ನೆ ಮೂರೇ. ಗುಳಿಗಿ ತಗೋತೀರಾ? ಉಪ್ಪು ಕಡಿಮೆ ಮಾಡಿದ್ದೀರಾ? ವಾಕಿಂಗ್ ಹೋಗ್ತೀರಾ? ಎಲ್ಲರೂ "ಹೂನ್ರೀ" ಅನ್ನೋರು. ನಾನೂ ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಿದ್ದೆ.

ಒಬ್ಬ ಆಯಿಯ ಮನೆಯಲ್ಲಿ ಸಿಕ್ಕಿಬಿದ್ದೆ. ವಯಸ್ಸು ಎಪ್ಪತ್ತರ ಹತ್ತಿರ. ಗಂಡ ತೀರಿಕೊಂಡು ಒಂದು ವರ್ಷ, ಮಗ ಪುಣೆಯಲ್ಲಿ. ಕಂಡಿಕಿ (ಮಗ್ಗಕ್ಕೆ ಹಾಕುವ ನೂಲಿನ ಸುರುಳಿ) ಸುತ್ತಲು ಪಕ್ಕದ ಮನೆಗೆ ಹೋಗೋದನ್ನೂ ಬಿಟ್ಟಿದ್ದರು. ಆವತ್ತು 172/98 ಬಂತು. ಗುಳಿಗಿ ತೋರಿಸಿ ಅಂದೆ. ತಿಂಗಳಿಗೆಂದು ಕೊಟ್ಟ ಮೂರು ಸ್ಟ್ರಿಪ್‌ಗಳಲ್ಲಿ ಎರಡಕ್ಕೆ ಕೈಯೇ ಹಚ್ಚಿಲ್ಲ, ರಬ್ಬರ್ ಬ್ಯಾಂಡ್ ಹಾಗೇ ಇದೆ. ಬೈಯಬೇಕು ಅನ್ನುವಷ್ಟರಲ್ಲಿ ಅಡುಗೆ ಕಟ್ಟೆ ಕಣ್ಣಿಗೆ ಬಿತ್ತು. ಗ್ಯಾಸಿನ ಮೇಲೆ ಚಹಾದ ಪಾತ್ರೆ ಒಂದೇ. ಬುಟ್ಟಿಯಲ್ಲಿ ಖಡಕ್ ರೊಟ್ಟಿ, ಪಕ್ಕದಲ್ಲಿ ಶೇಂಗಾ ಚಟ್ನಿ ಡಬ್ಬಿ, ಮಾವಿನ ಉಪ್ಪಿನಕಾಯಿ ಭರಣಿ.

"ಪಲ್ಯ ಮಾಡಿಲ್ಲೇನ್ ಆಯಿ?"

"ಒಬ್ಬಾಕಿಗೆ ಏನ್ ಅಡಗಿ ಮಾಡೂದು ಬಿಡವಾ."

ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚಕ್ಕಿಂತ ಉಪ್ಪು ಜಾಸ್ತಿ ಬೇಡ ಅಂತ ಇದೇ ಮನೆಯಲ್ಲಿ ನಾನು ಎಷ್ಟು ಸಲ ಹೇಳಿರಬೇಕು! ಒಬ್ಬರೇ ಉಣ್ಣೋರ ತಾಟಿನಲ್ಲಿ ಉಪ್ಪಿನಕಾಯಿ, ಚಟ್ನಿ ಬಿಟ್ಟು ಇನ್ನೇನು ಇರುತ್ತೆ? ಗುಳಿಗಿ ಮರೆತರೆ ಕೇಳೋರಿಲ್ಲ. ರಾತ್ರಿ ನಿದ್ದೆಯಿಲ್ಲ. ಒಂಟಿತನ ಸುಮ್ನೆ ಮನಸ್ಸಿನ ಮಾತು ಅಂದುಕೊಂಡಿದ್ದೆ. ಚಿಂತೆ ಬಹಳ ದಿನ ಉಳಿದರೆ ಮೈ ಸದಾ ಎಚ್ಚರದಲ್ಲೇ ಇರುತ್ತೆ, ರಕ್ತನಾಳ ಬಿಗಿಯುತ್ತೆ, ಎದೆ ಜೋರಾಗಿ ಬಡಿಯುತ್ತೆ. ಅದು ಸರಿ. ಆದರೆ ಬಿಪಿ ಏರಲು ಈ ಭರಣಿಯ ದಾರಿಯೂ ಇದೆ ಅಂತ ನನಗೆ ಆವತ್ತೇ ಗೊತ್ತಾಗಿದ್ದು.

ಅಂದಿನಿಂದ ನಾಲ್ಕನೇ ಪ್ರಶ್ನೆ ಸೇರಿಸಿದೆ: ಗುಳಿಗಿ ತಗೊಂಡ್ರಾ ಅಂತ ನಿಮ್ಮನ್ನ ಯಾರು ಕೇಳ್ತಾರೆ?

ಮೊದಲ ಪ್ರಯತ್ನ ಕೆಟ್ಟಿತು. ಪವರ್‌ಲೂಮ್ ನಡೆಸುವ ಒಬ್ಬರ ಹೆಂಡತಿಗೆ "ನೀವು ನಿಗಾ ಇಡ್ರಿ" ಅಂದೆ. ತಿಂಗಳು ಬಿಟ್ಟು ಹೋದರೆ ಗಂಡನ ಬಿಪಿ ಇಳಿದೇ ಇಲ್ಲ. "ಅಕ್ಕಾರ, ಅಕಿ ಪೊಲೀಸರಂಗ ಬೆನ್ನ ಹತ್ಯಾಳ್ರೀ. ಒಂದ್ ಮಿರ್ಚಿ ತಿಂದ್ರೂ ಜಗಳ." ಸುಮ್ನೆ ಇರಲಿ ಅಂತ ಆ ಅಕ್ಕನ ತೋಳಿಗೂ ಪಟ್ಟಿ ಸುತ್ತಿದೆ. 152/94! ಇನ್ನೊಂದು ದಿನ ನೋಡಿದಾಗಲೂ 140/90ರ ಮೇಲೇ ಇತ್ತು. ಕಾಯೋರನ್ನು ಕಾಯೋರು ಯಾರೂ ಇರಲಿಲ್ಲ ನೋಡಿ. ನನ್ನದೇ ತಪ್ಪು. ಈಗ ಇಬ್ಬರೂ ಗುಳಿಗಿ ತಗೋತಾರೆ, ಒಂದೇ ಡಬ್ಬಿಯಿಂದ. ಜಗಳ ನಿಂತಿದೆ ಅಂತ ಹೇಳಲಾರೆ.

ಆಯಿಗೆ ಮಾತ್ರ ಯಾರನ್ನೂ ಕಾವಲು ಹಾಕಲಿಲ್ಲ. ಎದುರು ಮನೆಯ ಅವ್ವನಿಗೂ ಬಿಪಿ. ಮುಂಜಾನೆ ಚಹಾ ಹೊತ್ತಿಗೆ ಇಬ್ಬರೂ ಸ್ಟ್ರಿಪ್ ಹಿಡಿದು ಕಟ್ಟೆಗೆ ಬರಬೇಕು, ಒಬ್ಬರ ಮುಂದೆ ಒಬ್ಬರು ನುಂಗಬೇಕು ಅಂದೆ. "ನಿಂದಾತೇನ?" "ಆತ." ಅಷ್ಟೇ ಕೆಲಸ. ವಾರ ಕಳೆಯೋದರೊಳಗೆ ಅವ್ವ ಒಂದು ಬಟ್ಟಲು ಪಲ್ಯ ತರಲು ಶುರು ಮಾಡಿದರು, ನಾನು ಹೇಳಿರಲಿಲ್ಲ. ಎರಡು ತಿಂಗಳಿಗೆ 146/86, ನಾಲ್ಕಕ್ಕೆ 136/82. ಡಾಕ್ಟರು ಡೋಸ್ ಏರಿಸಿರಲಿಲ್ಲ, ಅದೇ ಬಿಪಿ ಗುಳಿಗಿ, ಅಮ್ಲೋಡಿಪಿನ್ 5 ಮಿ.ಗ್ರಾಂ.

ಬರೀ ಜೊತೆಯಿಂದ ಬಿಪಿ ಇಳಿಯುತ್ತೆ ಅಂತ ಯಾರೂ ಗುಳಿಗಿ ಬಿಡಬೇಡಿ. ಲಾಸ್ ಏಂಜಲೀಸ್‌ನ 52 ಕ್ಷೌರದಂಗಡಿಗಳಲ್ಲಿ ಮಾಡಿದ ಪ್ರಯೋಗವೊಂದು 2018ರಲ್ಲಿ ಪ್ರಕಟವಾಯಿತು. ಪರಿಚಯದ ಕ್ಷೌರಿಕರ ಅಂಗಡಿಗೇ ಫಾರ್ಮಸಿಸ್ಟ್ ಬಂದು ಮಾತ್ರೆ ಬರೆದುಕೊಟ್ಟ ಕಡೆ ಮೇಲಿನ ಬಿಪಿ ಆರು ತಿಂಗಳಲ್ಲಿ ಸುಮಾರು 27 ಇಳಿಯಿತು. ಕ್ಷೌರಿಕರು ಬರೀ ಬುದ್ಧಿ ಹೇಳಿದ ಕಡೆ ಸುಮಾರು 9. ನಮ್ಮ ಕಟ್ಟೆಯೂ ಅಂಥದೇ ಜಾಗ ಅಲ್ವಾ? ಗುಳಿಗಿ ಅಲ್ಲಿಗೇ ಬರಬೇಕು, ಅಷ್ಟೆ.

ಕಟ್ಟೆಯಲ್ಲಿ ಒಂದು ಪಜೀತಿ ಇದೆ, ಮಾತು. ಮಾತಾಡುತ್ತಿದ್ದರೆ ಬಿಪಿ ಜಾಸ್ತಿ ತೋರಿಸುತ್ತೆ. ಆಗಷ್ಟೇ ಚಹಾ ಕುಡಿದಿದ್ದರೂ, ಮಗ್ಗದಿಂದ ಎದ್ದು ಬಂದಿದ್ದರೂ ಹಾಗೇ. ಅದಕ್ಕೆ ಚಹಾಕ್ಕೆ ಮೊದಲೇ ಹೋಗಿ ಗೋಡೆಗೆ ಬೆನ್ನು, ನೆಲಕ್ಕೆ ಪಾದ ಊರಿಸಿ ಐದು ನಿಮಿಷ ಸುಮ್ನೆ ಕೂರಿಸುತ್ತೇನೆ. ಆಯಿಗೆ ಗುಳಿಗಿಗಿಂತ ಇದೇ ಕಷ್ಟ.

ಹೋದ ವರ್ಷ ಅವ್ವ ಮಗಳ ಬಾಣಂತನಕ್ಕೆ ಹುಬ್ಬಳ್ಳಿಗೆ ಹೋಗಿ ಎರಡು ತಿಂಗಳು ಉಳಿದರು. ಆಯಿಯ ಬಿಪಿ ಮತ್ತೆ 158. ಈಗ ಜೋಡಿ ಮಾಡೋದು ಬಿಟ್ಟಿದ್ದೇನೆ, ಮೂವರನ್ನು ಕೂಡಿಸುತ್ತೇನೆ. ಒಬ್ಬರು ಊರಿಗೆ ಹೋದರೂ ಇಬ್ಬರು ಉಳೀತಾರೆ.