ಎಣ್ಣೆ ಹತ್ತಿದ ಹಾಳೆಯಿಂದ ಬೆಳಕಿನ ಪಾಠ: ನನ್ನ ಅನುಭವ

ಆರನೇ ಕ್ಲಾಸಿನ ಮಕ್ಕಳಿಗೆ ಬೆಳಕಿನ ಪಾಠ ಶುರು ಮಾಡುವಾಗ ಪಾರದರ್ಶಕ, ಅರೆಪಾರದರ್ಶಕ, ಅಪಾರದರ್ಶಕ ಅನ್ನೋ ಪದಗಳನ್ನು ನಾನು ಮೊದಲೇ ಬೋರ್ಡಿನ ಮೇಲೆ ಬರೆಯುವುದಿಲ್ಲ. ಬರೆದರೆ ಗಾಜು, ಕಾಗದ, ಮರ ಅಂತ ಒಂದೊಂದು ಹೆಸರು ಬಾಯಿಪಾಠ ಮಾಡಿ ಮಕ್ಕಳು ಪಾಠ ಮುಗಿಯಿತು ಅಂದುಕೊಳ್ಳುತ್ತಾರೆ. ಅದೇ ಕಾಗದ ಒದ್ದೆಯಾದರೆ, ಅದೇ ಹರಳು ಪುಡಿಯಾದರೆ ಬೆಳಕು ನಡೆದುಕೊಳ್ಳುವ ರೀತಿಯೇ ಬದಲಾಗುತ್ತದೆ. ಮಕ್ಕಳು ಕಣ್ಣಾರೆ ನೋಡಬೇಕಾದ್ದು ಅದನ್ನು.

ಸಾಮಾನು ಜಾಸ್ತಿ ಬೇಡ. ಒಂದು ಟಾರ್ಚು, ಬಿಳಿ ಹಾಳೆ, ಕೊಬ್ಬರಿ ಎಣ್ಣೆ, ಕಲ್ಲುಸಕ್ಕರೆ, ಸೆಲ್ಲೋಟೇಪು ಸಾಕು. ಕಿಟಕಿಗಳನ್ನು ಮುಚ್ಚಿ ಕೋಣೆಯನ್ನು ಆದಷ್ಟು ಕತ್ತಲು ಮಾಡುತ್ತೇನೆ. ನಿಯಮ ಎರಡೇ: ಟಾರ್ಚನ್ನು ಯಾರ ಕಣ್ಣಿಗೂ ಬಿಡುವಂತಿಲ್ಲ, ಏನಾಗುತ್ತದೆ ಅಂತ ಮೊದಲು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೇ ಟಾರ್ಚು ಹಾಕಬೇಕು. ಊಹೆ ಬರೆದ ಮಗು ಉತ್ತರಕ್ಕಾಗಿ ಕಾಯುತ್ತದೆ. ಬರೆಯದ ಮಗು ಸುಮ್ನೆ ನೋಡಿ ಬಿಡುತ್ತದೆ.

ಬಜ್ಜಿ ಕಟ್ಟಿಸಿಕೊಂಡ ಕಾಗದದಲ್ಲಿ ಎಣ್ಣೆ ಹತ್ತಿದ ಕಡೆ ಆಚೆ ಬದಿಯ ಅಕ್ಷರ ಕಾಣುವುದು ಎಲ್ಲ ಮಕ್ಕಳಿಗೂ ಗೊತ್ತು. ಯಾಕೆ ಅಂತ ಕೇಳಿದರೆ ‘ಎಣ್ಣೆ ಕಾಗದವನ್ನು ತೆಳ್ಳಗೆ ಮಾಡುತ್ತೆ ಸರ್’ ಅನ್ನುತ್ತಾರೆ. ಆಗ ಬಿಳಿ ಹಾಳೆಯ ನಡುವೆ ಒಂದು ಹನಿ ಎಣ್ಣೆ ಹಾಕಿ ಸವರಲು ಹೇಳುತ್ತೇನೆ. ಹಾಳೆಯನ್ನು ಟಾರ್ಚಿಗೆ ಅಡ್ಡ ಹಿಡಿದರೆ ಎಣ್ಣೆ ಹತ್ತಿದ ಜಾಗ ಸುತ್ತಲಿಗಿಂತ ಬೆಳ್ಳಗೆ ಹೊಳೆಯುತ್ತದೆ. ಅದೇ ಹಾಳೆಯನ್ನು ಕಪ್ಪು ರಟ್ಟಿನ ಮೇಲಿಟ್ಟು ಮೇಲಿನಿಂದ ಬೆಳಕು ಬಿಟ್ಟರೆ ಆ ಜಾಗವೇ ಕಪ್ಪಾಗಿ ಕಾಣುತ್ತದೆ. ಇಡೀ ಪಾಠದಲ್ಲಿ ನನಗೆ ತುಂಬಾ ಇಷ್ಟವಾದ ಗಳಿಗೆ ಇದು. ದಾಟಿಹೋದ ಬೆಳಕು ನಮ್ಮ ಕಡೆ ವಾಪಸ್ ಬರುವುದಿಲ್ಲ, ಅಲ್ವಾ? ಒಂದು ಕಡೆಯಿಂದ ಬೆಳಕಾಗಿ ಕಂಡದ್ದು ಇನ್ನೊಂದು ಕಡೆಯಿಂದ ಕತ್ತಲಾಗಿ ಕಾಣುವ ಕಾರಣವನ್ನು ಮಕ್ಕಳು ತಾವಾಗಿಯೇ ಹೇಳಿಬಿಡುತ್ತಾರೆ.

ಆಮೇಲೆ ಕಾಗದದ ಒಳಗಿನ ಕತೆ. ಹಾಳೆ ಎಂದರೆ ಸಣ್ಣ ಸಣ್ಣ ನಾರುಗಳ ಹೆಣಿಗೆ, ನಡುವೆಲ್ಲ ಗಾಳಿ. ಗಾಳಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಓಡುತ್ತದೆ. ನಾರಿನೊಳಗೆ ಅದರ ವೇಗ ಸುಮಾರು 2 ಲಕ್ಷಕ್ಕೆ ಇಳಿಯುತ್ತದೆ. ವೇಗ ಬದಲಾಗುವ ಪ್ರತಿ ಗಡಿಯಲ್ಲೂ ಬೆಳಕು ಸ್ವಲ್ಪ ಬಾಗುತ್ತದೆ, ಸ್ವಲ್ಪ ಹಿಂದಕ್ಕೆ ಹಾರುತ್ತದೆ. ಗಾಳಿ, ನಾರು, ಮತ್ತೆ ಗಾಳಿ, ಮತ್ತೆ ನಾರು. ಹೀಗೆ ದಿಕ್ಕುಪಾಲಾಗಿ ಬಹುಪಾಲು ಬೆಳಕು ವಾಪಸ್ ಬರುವುದರಿಂದಲೇ ಹಾಳೆ ಬೆಳ್ಳಗಿದೆ. ಎಣ್ಣೆಯಲ್ಲೂ ಬೆಳಕಿನ ವೇಗ ಸುಮಾರು 2 ಲಕ್ಷವೇ. ಗಾಳಿಯ ಜಾಗದಲ್ಲಿ ಎಣ್ಣೆ ತುಂಬಿಕೊಂಡಾಗ ಗಡಿಗಳು ಇದ್ದೂ ಇಲ್ಲದಂತಾಗುತ್ತವೆ, ಬೆಳಕು ದಾಟುತ್ತದೆ. ‘ನೀರು ಹಾಕಿದ್ರೆ ಸರ್?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ನೀರಿನಲ್ಲಿ ವೇಗ ಸುಮಾರು 2.25 ಲಕ್ಷ. ಹಾಗಾಗಿ ಒದ್ದೆ ಹಾಳೆಯಲ್ಲೂ ಬೆಳಕು ದಾಟುತ್ತದೆ, ಆದರೆ ಎಣ್ಣೆಯಷ್ಟು ಚೆನ್ನಾಗಿ ಅಲ್ಲ. ನೀರು ಆರಿದರೆ ಗಾಳಿ ಮತ್ತೆ ಒಳಗೆ ಬರುತ್ತದೆ, ಹಾಳೆ ಮತ್ತೆ ಬೆಳ್ಳಗಾಗುತ್ತದೆ.

ಇದೇ ಸಂಗತಿಯನ್ನು ತಿರುಗಿಸಿ ತೋರಿಸಲು ಕಲ್ಲುಸಕ್ಕರೆ ಇದೆ. ತಿಳಿಯಾದ ಹರಳಿನ ಮೂಲಕ ಬೆರಳು ಕಾಣುತ್ತದೆ. ಅದನ್ನೇ ಕುಟ್ಟಿದರೆ ಬಿಳಿ ಪುಡಿ, ಆಚೆ ಏನೂ ಕಾಣದು. ಸಕ್ಕರೆ ಬದಲಾಗಿಲ್ಲ, ಒಳಗೆ ಗಾಳಿ ಸೇರಿ ಗಡಿಗಳು ಹೆಚ್ಚಾದವು ಅಷ್ಟೇ. ಗಾಜನ್ನು ಮಾತ್ರ ಯಾವ ಕಾರಣಕ್ಕೂ ಪುಡಿ ಮಾಡಿಸಬೇಡಿ.

ಬಾತ್‌ರೂಮಿನ ಕಿಟಕಿಗೆ ಹಾಕುವ ಮಬ್ಬು ಗಾಜಿನ ತುಂಡು ಸಿಕ್ಕರೆ ಅಂಚಿಗೆ ಟೇಪು ಸುತ್ತಿ ಇಟ್ಟುಕೊಳ್ಳಿ. ಅದರ ಒರಟು ಬದಿಗೆ ಸೆಲ್ಲೋಟೇಪು ಅಂಟಿಸಿ ಚೆನ್ನಾಗಿ ಒತ್ತಿದರೆ ಅಷ್ಟು ಜಾಗದಲ್ಲಿ ಆಚೆಯದು ಸ್ಪಷ್ಟವಾಗಿ ಕಾಣುತ್ತದೆ. ನುಣುಪು ಬದಿಗೆ ಅಂಟಿಸಿದರೆ ಏನೂ ಆಗುವುದಿಲ್ಲ. ಕಾರಣ ಹೇಳುವುದನ್ನು ನಾನು ಮಕ್ಕಳಿಗೇ ಬಿಡುತ್ತೇನೆ. ‘ಅಂಟು ಗುಂಡಿಗಳನ್ನು ತುಂಬುತ್ತೆ, ಎಣ್ಣೆ ಥರಾನೇ’ ಅನ್ನೋ ಉತ್ತರ ಬಂದಾಗ ಆಗುವ ಖುಷಿಯೇ ಬೇರೆ.

ಬಣ್ಣದ ವಿಷಯಕ್ಕೆ ತೊಗಲುಗೊಂಬೆ ಆಟ ಒಳ್ಳೆಯ ದಾರಿ. ಚರ್ಮವನ್ನು ಬೆಳಕು ಹಾಯುವಷ್ಟು ಹದ ಮಾಡಿ ಬಣ್ಣ ಹಾಕಿರುವುದರಿಂದ ಪರದೆಯ ಮೇಲೆ ಬೀಳುವ ನೆರಳಿಗೂ ಬಣ್ಣ ಇರುತ್ತದೆ. ನೆರಳು ಯಾವಾಗಲೂ ಕಪ್ಪು ಅಂತ ಬರೆದವರು ಅದನ್ನು ಹೊಡೆದುಹಾಕುತ್ತಾರೆ.

ಕೊನೆಗೆ ಕೈ. ಕತ್ತಲಲ್ಲಿ ಟಾರ್ಚಿನ ಮೇಲೆ ಬೆರಳು ಒತ್ತಿ ಹಿಡಿದರೆ ಬೆರಳು ಕೆಂಪಗೆ ಹೊಳೆಯುತ್ತದೆ. ರಕ್ತ ಹಸಿರು, ನೀಲಿ ಬೆಳಕನ್ನು ಜಾಸ್ತಿ ಹೀರುತ್ತದೆ, ಕೆಂಪು ಬೆಳಕು ಹೊರಗೆ ಬರುತ್ತದೆ. ‘ಮೂಳೆ ಯಾಕೆ ಕಾಣಲ್ಲ ಸರ್?’ ಇದು ಬಹಳ ಒಳ್ಳೆಯ ಪ್ರಶ್ನೆ. ಮಾಂಸದೊಳಗೆ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ, ಮೂಳೆಯ ನೆರಳು ಕಲಸಿಹೋಗುತ್ತದೆ. ಎಕ್ಸ್‌ರೇ ಹಾಗೆ ಚದುರದೆ ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಅದರಲ್ಲಿ ಮೂಳೆ ಕಾಣುತ್ತದೆ.

ಇಷ್ಟಾದ ಮೇಲೆ ಆ ಮೂರು ಪದಗಳನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಬೆರಳು ಯಾವ ಪಟ್ಟಿಗೆ ಅಂತ ಜಗಳ ಶುರುವಾಗುತ್ತದೆ. ಎಷ್ಟು ದಪ್ಪ, ಎಂಥ ಬೆಳಕು ಅಂತಲೂ ಪಕ್ಕದಲ್ಲಿ ಬರೆಯಿರಿ ಅನ್ನುತ್ತೇನೆ.