ನೆತ್ತಿ ಹಂಚಿನ ಗಾರೆ ಬಿರುಕು: ಮೇಲೆ ಸವರಿದರೆ ನಿಲ್ಲದು

ಮಂಗಳೂರು ಹಂಚಿನ ಮಾಡು (ಛಾವಣಿ) ಸೋರಿದಾಗ ನಾನು ಮೊದಲು ನೋಡುವುದು ನೆತ್ತಿಯನ್ನು. ಇಳಿಜಾರಿನ ಹಂಚುಗಳು ಒಂದಕ್ಕೊಂದು ಸಿಕ್ಕಿಕೊಂಡು ರೀಪಿನ (ಅಡ್ಡಕ್ಕೆ ಹೊಡೆದ ಮರದ ಪಟ್ಟಿಯ) ಮೇಲೆ ಕೂತಿರುತ್ತವೆ, ಅವಕ್ಕೆ ಗಾರೆ ಬೇಡ. ಎರಡು ಮಗ್ಗುಲು ಕೂಡುವ ನೆತ್ತಿಯಲ್ಲಿ ಕವುಚಿದ ಹಂಚಿಗೆ ಗಾರೆಯೇ ಆಧಾರ. ಮಳೆಗಾಲದಲ್ಲಿ ಪಕಾಸು (ನೆತ್ತಿಯಿಂದ ಇಳಿಜಾರಾಗಿ ಇಳಿಯುವ ಮರ), ರೀಪು ನೀರು ಕುಡಿದು ಉಬ್ಬುತ್ತವೆ, ಬೇಸಿಗೆಯಲ್ಲಿ ಕುಗ್ಗುತ್ತವೆ. ಮರದ ಈ ಅಲುಗಾಟಕ್ಕೆ ಬಗ್ಗದ ಗಾರೆ ಬಿರಿಯುತ್ತದೆ. ‘ಸಿಮೆಂಟು ಜಾಸ್ತಿ ಹಾಕಿ, ಗಟ್ಟಿಯಾಗಲಿ’ ಎನ್ನುವವರ ಮಾಡು ಬೇಗ ಬಿರಿಯುವುದು ಇದೇ ಕಾರಣಕ್ಕೆ.

ಕೆಲಸಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಮಧ್ಯಾಹ್ನ ಅಟ್ಟ ಹತ್ತಿ ಬೆಳಕು ತೂರುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕುತ್ತೇನೆ. ನೀರು ಪಕಾಸಿನ ಗುಂಟ ಹರಿದು ಬೇರೆಲ್ಲೋ ತೊಟ್ಟಿಕ್ಕುವುದರಿಂದ, ನೆಲದ ಮೇಲಿನ ಹನಿ ನೋಡಿ ತೂತು ಹುಡುಕಿದರೆ ಸಿಗುವುದಿಲ್ಲ. ಮೇಲೆ ಹತ್ತಿದ ಮೇಲೆ ಒಂದೊಂದೇ ನೆತ್ತಿ ಹಂಚನ್ನು ಕರಣೆಯ ಹಿಡಿಯಿಂದ ತಟ್ಟಿ, ಕೈಯಿಂದ ಅಲುಗಿಸುತ್ತೇನೆ. ಕೂದಲೆಳೆಯ ಬಿರುಕಿದ್ದು ಹಂಚು ಅಲುಗದಿದ್ದರೆ, ಬಿರುಕನ್ನು ನೆನೆಸಿ ಸಿಮೆಂಟು–ಸುಣ್ಣದ ತೆಳು ಕಲಸನ್ನು ಬ್ರಷ್ಷಿನಿಂದ ಕುಡಿಸಿದರೆ ಸಾಕು. ಟೊಳ್ಳು ಸದ್ದು ಬಂದರೆ, ಅಲುಗಿದರೆ, ಎತ್ತಲೇಬೇಕು. ಹಳೆ ಗಾರೆಯ ಮೇಲೆ ಅರ್ಧ ಇಂಚು ಹೊಸ ಗಾರೆ ಸವರುವುದು ದಂಡ: ಕೆಳಗಿನ ಬಿರುಕು ಅದನ್ನೂ ಸೀಳುತ್ತದೆ. ಡಾಂಬರು ಬಳಿದಿದ್ದರೆ ಇನ್ನೂ ತಾಪತ್ರಯ, ಅದರ ಮೇಲೆ ಹೊಸ ಗಾರೆ ಹಿಡಿಯುವುದೇ ಇಲ್ಲ, ಪೂರ್ತಿ ಕೆತ್ತಬೇಕು.

ಪಾಚಿ ಒಣಗದೆ ಹತ್ತಬಾರದು. ಹಂಚಿನ ಮೇಲೆ ನೇರ ಕಾಲಿಡದೆ, ನೆತ್ತಿಗೆ ಹಗ್ಗದಿಂದ ಕಟ್ಟಿದ ಏಣಿಯನ್ನು ಮಾಡಿನ ಮೇಲೆ ಮಲಗಿಸಿ ಅದರ ಮೇಲೆ ಕೂರುತ್ತೇನೆ. ಉಳಿಯನ್ನು ಓರೆಯಾಗಿ ಹಿಡಿದು ಸಣ್ಣ ಸುತ್ತಿಗೆಯಿಂದ ಹಳೆ ಗಾರೆ ಬಿಡಿಸಿದರೆ ಹಂಚು ಒಡೆಯದೆ ಬರುತ್ತದೆ. ಆದರೂ ಒಂದೆರಡು ಹೋಗುತ್ತವೆ, ಹತ್ತಕ್ಕೆ ಎರಡರಂತೆ ಹೆಚ್ಚುವರಿ ತಂದಿಟ್ಟುಕೊಳ್ಳಿ. ತೆರೆದಾಗ ನೆತ್ತಿಯ ತೊಲೆಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ, ಗೆದ್ದಲು ತಿಂದಿದ್ದರೆ ಮರದ ಕೆಲಸ ಮೊದಲು. ಮೇಲಿನ ಸಾಲಿನ ಹಂಚು ನೆತ್ತಿ ಹಂಚಿನಡಿ ಮೂರು ಇಂಚಾದರೂ ಒಳಗೆ ಹೋಗಿರಬೇಕು. ಅಷ್ಟು ಹೋಗದ ಕಡೆ ಗಾರೆಯೇ ಸೇತುವೆಯಂತೆ ನಿಂತಿರುತ್ತದೆ, ಅಲ್ಲೇ ಪದೇಪದೇ ಬಿರಿಯುತ್ತದೆ. ರೀಪು ಕಿತ್ತು ಮೇಲಕ್ಕೆ ಸರಿಸದೆ ಅದಕ್ಕೆ ಪರಿಹಾರವಿಲ್ಲ.

ಅಳತೆ: ಸಿಮೆಂಟು ಒಂದು ಪಾಲು, ಸುಣ್ಣ ಒಂದು, ಮರಳು ಆರು, ಬಕೆಟ್ ಲೆಕ್ಕದಲ್ಲಿ. ಮೂವತ್ತು ಅಡಿ ನೆತ್ತಿಗೆ ಹತ್ತು ಲೀಟರಿನ ಬಕೆಟ್‌ನಲ್ಲಿ ಸುಮಾರು ಏಳು ಬಕೆಟ್ ಮರಳು, ಸಿಮೆಂಟು ಚೀಲದ ಮೂರನೇ ಒಂದು ಭಾಗ ಸಾಕಾಗುತ್ತದೆ. ಸುಣ್ಣದ ಪುಡಿಯನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಿದರೆ ಗಾರೆ ಬೆಣ್ಣೆಯಂತೆ ಎಳೆಯುತ್ತದೆ. ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಅಳಿವೆಯ ಬದಿಯ ಉಪ್ಪು ಹೊಯಿಗೆ (ಮರಳು) ಬೇಡ, ತೇವ ಹಿಡಿದಿಟ್ಟು ಗಾರೆಯನ್ನು ಪುಡಿ ಮಾಡುತ್ತದೆ. ಹಂಚಿನ ಬಣ್ಣ ಬೇಕೆಂದರೆ ಕಾವಿ ಪುಡಿ ಸೇರಿಸಬಹುದು, ಒಂದು ಕಿಲೋ ಸಿಮೆಂಟಿಗೆ ಐವತ್ತು ಗ್ರಾಂ ಮೀರದಂತೆ. ಗಂಟೆಯೊಳಗೆ ಮುಗಿಯುವಷ್ಟೇ ಕಲಸಿ. ಬಿಗಿಯಾದ ಗಾರೆಗೆ ಮತ್ತೆ ನೀರು ಬೆರೆಸಿ ಬಳಸಬಾರದು.

ನೆತ್ತಿ ಹಂಚನ್ನೂ ಅದು ಕೂರುವ ಜಾಗವನ್ನೂ ಚೆನ್ನಾಗಿ ನೆನೆಸಬೇಕು. ಒಣ ಹಂಚು ಗಾರೆಯ ನೀರನ್ನು ಹೀರಿಬಿಟ್ಟರೆ ಅಂಟು ಹಿಡಿಯುವುದಿಲ್ಲ. ಗಾರೆ ಎರಡು ಅಂಚುಗಳಿಗೆ ಮಾತ್ರ, ಎರಡಿಂಚು ಅಗಲ. ದಪ್ಪ ಬೇಕಾದಲ್ಲಿ ಒಡಕು ಹಂಚಿನ ಚೂರು ಒತ್ತುತ್ತೇನೆ, ಗಾರೆ ಕಡಿಮೆಯಾದಷ್ಟು ಕುಗ್ಗುವುದೂ ಕಡಿಮೆ. ನಡುವಿನ ಟೊಳ್ಳು ಟೊಳ್ಳಾಗಿಯೇ ಇರಲಿ. ಅಲ್ಲಿ ತುಂಬಿದ ಗಾರೆ ತೇವ ಹಿಡಿದು ತೊಲೆಯನ್ನು ಕೊಳೆಸುತ್ತದೆ. ಕರಾವಳಿಯ ಮಳೆ ಪಡುವಣದಿಂದ ಹೊಡೆಯುವುದರಿಂದ ಮೂಡಣ ತುದಿಯಿಂದ ಶುರುಮಾಡಿ ಒಂದರ ಮೇಲೊಂದು ಹೊದೆಸುತ್ತ ಪಡುವಣಕ್ಕೆ ಬಂದರೆ ಸಂದಿಯ ಬಾಯಿ ಗಾಳಿಗೆ ಬೆನ್ನು ಹಾಕಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಕೊನೆಯ ತಿದ್ದುವಿಕೆಯಲ್ಲಿ. ಹೊರಗೆ ಚೆಲ್ಲಿದ ಗಾರೆಯನ್ನು ಚೆಂದಕ್ಕೆ ಅಂಚಿನಾಚೆಗೂ ನಯ ಮಾಡಿಟ್ಟರೆ ಅದು ಕಟ್ಟೆಯಾಗುತ್ತದೆ, ನೀರು ನಿಂತು ಹಿಂದಕ್ಕೆ ನುಗ್ಗುತ್ತದೆ. ನಾನು ಗಾರೆಯನ್ನು ಹಂಚಿನ ಅಂಚಿನಿಂದ ಅರ್ಧ ಇಂಚು ಒಳಗೆ ಕೊರೆದು, ಕೆಳಮುಖವಾಗಿ ಒತ್ತಿ ಬಿಡುತ್ತೇನೆ. ಹನಿ ಅಂಚಿನಿಂದಲೇ ಕಳಚಿ ಬೀಳುತ್ತದೆ.

ಹಂಚು ಕೂರಿಸುವ ಕೆಲಸವನ್ನು ಸಂಜೆ ನಾಲ್ಕರ ಮೇಲೆ ಶುರುಮಾಡುವುದು ಲೇಸು, ರಾತ್ರಿಯ ತಂಪಿನಲ್ಲಿ ಗಾರೆ ನಿಧಾನವಾಗಿ ಬಿಗಿಯುತ್ತದೆ. ಮರುದಿನದಿಂದ ಏಳು ದಿನ ಒದ್ದೆ ಗೋಣಿ ಹೊದೆಸಿ, ದಿನಕ್ಕೆ ಮೂರು ಸಲ ನೀರು ಚಿಮುಕಿಸಬೇಕು. ಪೈಪು ಹಿಡಿದು ರಭಸದಿಂದ ಹಾಯಿಸಿದರೆ ಹಸಿ ಗಾರೆ ತೊಳೆದುಹೋಗುತ್ತದೆ.

ಮಾಡು ಗೋಡೆಗೆ ತಾಗುವ ಕಡೆ ಮಾತ್ರ ಈ ಯಾವ ಗಾರೆಯೂ ನಿಲ್ಲದು, ಗೋಡೆಯ ಚಲನೆ ಬೇರೆ, ಮರದ್ದು ಬೇರೆ. ಅಲ್ಲಿ ಗೋಡೆಯಲ್ಲಿ ಇಂಚು ಆಳದ ಗೀರು ಕೊರೆದು, ತಗಡಿನ ಒಂದು ಅಂಚನ್ನು ಅದರೊಳಗೆ ತುರುಕಿ ಗೀರನ್ನು ಗಾರೆಯಿಂದ ಮುಚ್ಚಿ, ಉಳಿದ ತಗಡನ್ನು ಆರಿಂಚಿನಷ್ಟು ಹಂಚಿನ ಮೇಲೆ ಇಳಿಬಿಡಿ. ಹಂಚಿಗೂ ತಗಡಿಗೂ ನಡುವೆ ಏನನ್ನೂ ಅಂಟಿಸಬೇಡಿ.