ಬಿಸಿಲುನಾಡಿನಲ್ಲಿ ಫೋನ್ ಬ್ಯಾಟರಿ ರಾತ್ರಿತನಕ ಬರಬೇಕೆಂದರೆ

ಬೆಳಿಗ್ಗೆ ತುಂಬಿಸಿಕೊಂಡು ಹೋದ ಚಾರ್ಜ್ ಮಧ್ಯಾಹ್ನ ಮೂರು ಗಂಟೆಗೇ ಹದಿನೈದು ಪರ್ಸೆಂಟಿಗೆ ಬಂದು ನಿಂತರೆ ಎಲ್ಲರೂ ಮೊದಲು ಬ್ಯಾಟರಿಯನ್ನೇ ಬೈಯುತ್ತಾರೆ. ರಾಯಚೂರು, ಕೊಪ್ಪಳ, ಬಳ್ಳಾರಿ ಭಾಗದಲ್ಲಿ ಇನ್ನೆರಡನ್ನು ಮೊದಲು ಅನುಮಾನಿಸಬೇಕು: ಒಂದು ಬಿಸಿಲು, ಇನ್ನೊಂದು ಬಂದುಹೋಗುವ ಸಿಗ್ನಲ್. ಇವೆರಡನ್ನು ಹಾಗೇ ಬಿಟ್ಟು ಬ್ಯಾಟರಿ ಉಳಿಸುವ ಆ್ಯಪ್ ಹಾಕಿಕೊಂಡರೆ ಪ್ರಯೋಜನವಿಲ್ಲ. ಅಂಥ ಆ್ಯಪೇ ಹಿಂದೆ ಓಡುತ್ತಾ, ಜಾಹೀರಾತು ತೋರಿಸುತ್ತಾ ಚಾರ್ಜ್ ತಿನ್ನುತ್ತದೆ.

ಯಾವ ಸೆಟ್ಟಿಂಗ್ ಬದಲಿಸುವ ಮುನ್ನವೂ ಒಂದು ರಾತ್ರಿ ಅಳೆದು ನೋಡಿ. ಮಲಗುವಾಗ ಎಷ್ಟು ಪರ್ಸೆಂಟ್ ಇದೆ ಎಂದು ಬರೆದುಕೊಂಡು, ಚಾರ್ಜಿಗೆ ಹಾಕದೆ ಫೋನ್ ಪಕ್ಕಕ್ಕಿಡಿ. ಎಂಟು ಗಂಟೆಯಲ್ಲಿ ಐದಾರು ಪರ್ಸೆಂಟ್ ಇಳಿದರೆ ಚಿಂತೆಯಿಲ್ಲ. ಹತ್ತು ದಾಟಿದರೆ ಒಳಗೆ ಏನೋ ಓಡುತ್ತಿದೆ, ಇಲ್ಲವೇ ಫೋನ್ ರಾತ್ರಿಯಿಡೀ ಟವರ್ ಹುಡುಕಿದೆ. ಬೆಳಿಗ್ಗೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ, ಅದರೊಳಗೆ ಬ್ಯಾಟರಿ ಯೂಸೇಜ್ ತೆರೆಯಿರಿ. ಪಟ್ಟಿಯಲ್ಲಿ ಮೇಲಿದೆ ಎಂಬ ಕಾರಣಕ್ಕೆ ಯಾವ ಆ್ಯಪೂ ತಪ್ಪಿತಸ್ಥನಲ್ಲ. ಎರಡು ಗಂಟೆ ಯೂಟ್ಯೂಬ್ ನೋಡಿದ್ದರೆ ಅದು ಮೇಲಿರಲೇಬೇಕು. ನೀವು ಐದು ನಿಮಿಷ ಮುಟ್ಟಿದ ಆ್ಯಪ್ ಬ್ಯಾಕ್‌ಗ್ರೌಂಡ್‌ನಲ್ಲಿ ಮೂರು ಗಂಟೆ ಓಡಿದ್ದರೆ ಹಿಡಿಯಬೇಕಾದ್ದು ಅದನ್ನು. ಆ್ಯಂಡ್ರಾಯ್ಡ್ ಫೋನಾದರೆ ಅದರ ಐಕಾನ್ ಒತ್ತಿ ಹಿಡಿದು, ಆ್ಯಪ್ ಇನ್ಫೋ, ಬ್ಯಾಟರಿ, ರಿಸ್ಟ್ರಿಕ್ಟೆಡ್ ಎಂದು ಮಾಡಿ. ವಾಟ್ಸ್ಆ್ಯಪ್‌ಗೂ ಅಂಗಡಿಯವರು ಹಣ ಬಂದದ್ದನ್ನು ತಿಳಿಯುವ ಯುಪಿಐ ಆ್ಯಪ್‌ಗೂ ಇದನ್ನು ಮಾಡಬೇಡಿ. ಸಂದೇಶ ತಡವಾಗಿ ಬರುತ್ತದೆ, ಗಿರಾಕಿ ಎದುರಿಗೆ ಕಾಯುತ್ತಾ ನಿಲ್ಲಬೇಕಾಗುತ್ತದೆ.

ರೀಸೆಂಟ್ಸ್ ಬಟನ್ ಒತ್ತಿ ಎಲ್ಲ ಆ್ಯಪ್‌ಗಳನ್ನು ಪದೇಪದೇ ತಳ್ಳಿಹಾಕುವ ರೂಢಿಯನ್ನೂ ಬಿಡಿ. ಮತ್ತೆ ತೆರೆದಾಗ ಅವು ಮೊದಲಿನಿಂದ ಲೋಡ್ ಆಗಬೇಕು, ಅದಕ್ಕೆ ಹೆಚ್ಚು ಚಾರ್ಜ್ ಬೇಕು.

ಇನ್ನು ಸಿಗ್ನಲ್. ಟವರ್ ದೂರವಾದಷ್ಟೂ ಫೋನ್ ತನ್ನ ಪ್ರಸಾರದ ಶಕ್ತಿಯನ್ನು ಏರಿಸುತ್ತಾ ಹೋಗುತ್ತದೆ. ಸಂಡೂರಿನ ಗುಡ್ಡಗಳ ನಡುವೆ, ಊರಿಂದ ದೂರದ ಹೊಲದಲ್ಲಿ, ದಪ್ಪ ಗೋಡೆಯ ಮಾಳಿಗೆ ಮನೆಯ ಒಳಕೋಣೆಯಲ್ಲಿ ಫೋನ್ ಜೇಬಿನಲ್ಲಿದ್ದೇ ಬಿಸಿಯಾಗುವುದು ಇದರಿಂದ. ರಾಯಚೂರಿಂದ ಗುಂತಕಲ್ ಕಡೆಗೋ, ಕೊಪ್ಪಳದಿಂದ ಹುಬ್ಬಳ್ಳಿಗೋ ರೈಲಿನಲ್ಲಿ ಹೊರಟರೆ ಟವರ್ ಬದಲಾಗುತ್ತಲೇ ಇರುತ್ತದೆ, ಚಾರ್ಜ್ ಬೇಗ ಕರಗುತ್ತದೆ. 5ಜಿ ಒಮ್ಮೆ ಬಂದು ಒಮ್ಮೆ ಹೋಗುವ ಊರಾದರೆ ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಪ್ರಿಫರ್ಡ್ ನೆಟ್‌ವರ್ಕ್ ಟೈಪ್ ಅನ್ನು 4ಜಿಗೆ ಇಳಿಸಿ. ಅದಕ್ಕಿಂತ ಕೆಳಗೆ ಹೋಗಬೇಡಿ. ಜಿಯೋಗೆ 2ಜಿ, 3ಜಿ ಇಲ್ಲವೇ ಇಲ್ಲ, ಕರೆಯೇ ನಿಂತುಹೋಗುತ್ತದೆ. ರೀಚಾರ್ಜ್ ಮುಗಿದೋ ಟವರ್ ಇಲ್ಲದೆಯೋ ಸುಮ್ಮನೆ ಕೂತ ಎರಡನೇ ಸಿಮ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿ. ಮನೆಯಲ್ಲಿ ವೈ-ಫೈ ಇದ್ದರೆ ವೈ-ಫೈ ಕಾಲಿಂಗ್ ಆನ್ ಇರಲಿ. ಸಿಗ್ನಲ್ ಪೂರ್ತಿ ಸತ್ತ ಜಾಗದಲ್ಲಿ ಏರೋಪ್ಲೇನ್ ಮೋಡ್ ಹಾಕಿ, ಅಲ್ಲಿ ಹೇಗೂ ಕರೆ ಬರುವುದಿಲ್ಲ.

ಬಿಸಿಲು ಬ್ಯಾಟರಿಗೆ ಎರಡು ಏಟು ಕೊಡುತ್ತದೆ. ಬಯಲಲ್ಲಿ ಪರದೆ ಕಾಣಲೆಂದು ಬೆಳಕು ತಾನಾಗಿ ಗರಿಷ್ಠಕ್ಕೆ ಏರುತ್ತದೆ, ಅದು ಆ ದಿನದ ನಷ್ಟ. ಬಿಸಿಯಲ್ಲಿ ಲಿಥಿಯಂ ಕೋಶದ ಒಳಗಿನ ರಾಸಾಯನಿಕ ಸವೆತ ಹೆಚ್ಚಿ, ಚಾರ್ಜ್ ಹಿಡಿಯುವ ಶಕ್ತಿ ಮತ್ತೆ ಬಾರದಂತೆ ಕುಗ್ಗುತ್ತದೆ, ಇದು ಕಾಯಂ ನಷ್ಟ. ಆ್ಯಪಲ್ ತನ್ನ ಐಫೋನ್‌ಗಳನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಒಳಗೆ ಬಳಸಿ ಎನ್ನುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ನೆರಳಿನಲ್ಲೇ 40 ದಾಟುತ್ತದೆ. ಹಾಗಾಗಿ ಫೋನ್ ಎಲ್ಲಿಡುತ್ತೀರಿ ಎಂಬುದೇ ಅರ್ಧ ಕೆಲಸ. ಬೈಕಿನ ಹ್ಯಾಂಡಲ್ ಸ್ಟ್ಯಾಂಡ್, ಕಾರಿನ ಡ್ಯಾಶ್‌ಬೋರ್ಡ್, ಟ್ರ್ಯಾಕ್ಟರ್ ಎಂಜಿನ್ ಪಕ್ಕದ ಜಾಗ, ಬಿಸಿಲಲ್ಲಿ ನಿಲ್ಲಿಸಿದ ಸ್ಕೂಟರಿನ ಡಿಕ್ಕಿ ಇವೆಲ್ಲ ಬೇಡ. ಮ್ಯಾಪ್ ಬೇಕಾದರೆ ದಾರಿ ಹಾಕಿ ಫೋನ್ ಜೇಬಿಗಿಟ್ಟು, ಬ್ಲೂಟೂತ್‌ನಲ್ಲಿ ಒಂದೇ ಕಿವಿಗೆ ಮಾತು ಕೇಳಿಸಿಕೊಳ್ಳಿ. ಫೋನ್ ಕೈ ಸುಡುವಷ್ಟಾದರೆ ಕವರ್ ತೆಗೆದು, ಸ್ವಿಚ್ ಆಫ್ ಮಾಡಿ, ನೆರಳಲ್ಲಿ ಫ್ಯಾನ್ ಗಾಳಿಗೆ ಇಡಿ. ಫ್ರಿಜ್ಜಿಗೆ ಇಡಬೇಡಿ, ನೀರಿನ ಕೊಡಕ್ಕೆ ಒರಗಿಸಬೇಡಿ. ಒಮ್ಮೆಲೇ ತಣ್ಣಗಾದರೆ ಒಳಗೆ ತೇವ ಕೂರುತ್ತದೆ.

ಚಾರ್ಜ್ ಮಾಡುವುದಕ್ಕೆ ನಸುಕಿನ ಹೊತ್ತು ಒಳ್ಳೆಯದು, ಮಧ್ಯಾಹ್ನದ್ದು ಕೆಟ್ಟದ್ದು. ಕೌದಿ, ದಿಂಬಿನ ಮೇಲೆ ಬೇಡ. ಬರಿ ನೆಲವೋ ಕಲ್ಲಿನ ಕಟ್ಟೆಯೋ ಆಗಲಿ. ಚಾರ್ಜಿಗೆ ಹಾಕಿ ಗೇಮ್ ಆಡಿದರೆ ಎರಡೂ ಬಿಸಿ ಒಟ್ಟಿಗೆ ಸೇರುತ್ತವೆ. ಸಾಧ್ಯವಾದಷ್ಟು 20 ಮತ್ತು 80ರ ನಡುವೆ ಇರಲಿ. ಇದಕ್ಕೆಂದೇ ಹಲವು ಸ್ಯಾಮ್‌ಸಂಗ್ ಫೋನ್‌ಗಳಲ್ಲಿ ಬ್ಯಾಟರಿ ಪ್ರೊಟೆಕ್ಷನ್, ಐಫೋನ್ 15ರಿಂದೀಚೆಗೆ 80ರ ಮಿತಿ ಇದೆ. ದೂರದ ಪಯಣದ ದಿನ ನೂರು ತುಂಬಿಸಿ, ತಪ್ಪೇನಿಲ್ಲ. ಹಳ್ಳಿಯಲ್ಲಿ ವೋಲ್ಟೇಜ್ ಏರಿಳಿದರೆ ಚಾರ್ಜರ್ ಮೇಲಿನ ಬರಹ ನೋಡಿ: ಇನ್‌ಪುಟ್ 100–240 ವೋಲ್ಟ್ ಎಂದಿರುವ ಒಳ್ಳೆಯ ಕಂಪನಿಯದು ಕಡಿಮೆ ವೋಲ್ಟೇಜ್ ತಾಳಿಕೊಳ್ಳುತ್ತದೆ. ಸಂತೆಯ ಅಗ್ಗದ ಚಾರ್ಜರನ್ನು ನಂಬಬೇಡಿ.

ಪರದೆಯ ವಿಷಯ ಚಿಕ್ಕದು. ರಿಫ್ರೆಶ್ ರೇಟ್ (ಸೆಕೆಂಡಿಗೆ ಪರದೆ ಎಷ್ಟು ಸಲ ಹೊಸದಾಗುತ್ತದೆ ಎಂಬುದು) 120ರಿಂದ 60 ಹರ್ಟ್ಸ್‌ಗೆ ಇಳಿಸಿ, ಸ್ಕ್ರೀನ್ ಟೈಮ್‌ಔಟ್ 30 ಸೆಕೆಂಡ್ ಇಡಿ, ಓದುವುದಿದ್ದರೆ ಬೇವಿನ ನೆರಳಿಗೆ ಸರಿಯಿರಿ. ಡಾರ್ಕ್ ಮೋಡ್ ಪ್ರತಿ ಚುಕ್ಕೆಯೂ ತಾನೇ ಬೆಳಗುವ ಅಮೋಲೆಡ್ ಪರದೆಗೆ ಮಾತ್ರ ಉಪಯೋಗ, ಹಿಂದೆ ಸದಾ ದೀಪ ಉರಿಯುವ ಎಲ್‌ಸಿಡಿಗೆ ಇಲ್ಲ. ಅದರಲ್ಲೂ ಬೆಳಕು ಪೂರ್ತಿ ಏರಿಸಿದಾಗಲೇ ಉಳಿತಾಯ ದೊಡ್ಡದು. ಮನೆಯೊಳಗೆ ಅರ್ಧಕ್ಕಿಂತ ಕಡಿಮೆ ಬೆಳಕಿನಲ್ಲಿ ಅಲ್ಪಸ್ವಲ್ಪವಷ್ಟೇ.

ಕರೆಂಟ್ ಹೋಗುವ ಊರಿಗೆ ಪವರ್ ಬ್ಯಾಂಕ್ ಕೊಳ್ಳುವವರು ಲೆಕ್ಕ ತಿಳಿದಿರಬೇಕು. 10,000 ಎಂಎಎಚ್ ಎನ್ನುವುದು ಒಳಗಿನ ಕೋಶದ 3.7 ವೋಲ್ಟ್‌ನಲ್ಲಿ ಹೇಳುವ ಮಾತು, ಅಂದರೆ 37 ವ್ಯಾಟ್-ಅವರ್. ಅದನ್ನು 5 ವೋಲ್ಟ್‌ಗೆ ಏರಿಸುವಾಗ ಒಂದಿಷ್ಟು, ಫೋನಿನೊಳಗೆ ಮತ್ತೊಂದಿಷ್ಟು ಬಿಸಿಯಾಗಿ ಹೋಗುತ್ತದೆ. ಹಾಗಾಗಿ 5000 ಎಂಎಎಚ್ ಫೋನ್ ಎರಡು ಸಲವಲ್ಲ, ಒಂದೂಕಾಲು ಸಲ, ಹೆಚ್ಚೆಂದರೆ ಒಂದೂವರೆ ಸಲ ತುಂಬುತ್ತದೆ.

ಇಷ್ಟೆಲ್ಲ ಮಾಡಿದರೂ 30 ಪರ್ಸೆಂಟ್ ಇದ್ದಾಗ ಫೋನ್ ದಿಢೀರ್ ಆಫ್ ಆಗುತ್ತಿದ್ದರೆ ಬ್ಯಾಟರಿ ನಿಜಕ್ಕೂ ಸವೆದಿರುವ ಸಾಧ್ಯತೆ ಹೆಚ್ಚು. ಐಫೋನ್‌ನಲ್ಲಿ ಬ್ಯಾಟರಿ ಹೆಲ್ತ್ 80ಕ್ಕಿಂತ ಕೆಳಗಿದ್ದರೆ ಬದಲಿಸುವ ಹೊತ್ತು ಬಂದಿದೆ. ಬದಲಿಸುವಾಗ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲೇ ಮಾಡಿಸಿ, ಹೊಸ ಬ್ಯಾಟರಿ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಇದೆಯೇ ನೋಡಿ. ಹಿಂಬದಿ ಮುಚ್ಚಳವೋ ಪರದೆಯೋ ಮೇಲೆದ್ದಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಒತ್ತಿ ಕೂರಿಸಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ. ಫೋನ್ ಆಫ್ ಮಾಡಿ, ಮಕ್ಕಳಿಗೆ ಸಿಗದಂತೆ, ಹಾಸಿಗೆ-ಬಟ್ಟೆಯಿಂದ ದೂರವಿಟ್ಟು, ಅಂದೇ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ತೆಗೆದ ಹಳೆಯ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕದೆ ಅಲ್ಲೇ ಒಪ್ಪಿಸಿ ಬನ್ನಿ.